ಷರಾ ಕಾಲಂ

ಕಲೂರಿನಲ್ಲಿ ನಮ್ಮ ಬಾಡಿಗೆ ಮನೆಯಿಂದ ನಾನು ಕೆಲಸ ಮಾಡುವ ಕೇಂದ್ರಕ್ಕೆ ನಡೆದು ಹೋದರೆ ಹನ್ನೆರಡು ನಿಮಿಷ. ಮಂಗಳವಾರವಾದರೆ ಇಪ್ಪತ್ತೈದು. ಆವತ್ತು ಸಂತ ಅಂತೋನಿಯ ಇಗರ್ಜಿಗೆ ಬರುವ ಜನ ರಸ್ತೆಯನ್ನೇ ತುಂಬಿಕೊಂಡಿರುತ್ತಾರೆ. ತಲೆಯ ಮೇಲೆ ಮೆಟ್ರೊ, ಕಾಲಡಿಯಲ್ಲಿ ಮಳೆನೀರು, ನಡುವೆ ಮೇಣದಬತ್ತಿ ಮಾರುವವರು. ಊರಿನಿಂದ ಫೋನು ಮಾಡಿದಾಗಲೆಲ್ಲ ಅಮ್ಮ ಕೇಳುತ್ತಾಳೆ, "ಅಲ್ಲಿ ನೀನು ಮಾಡೋದಾದ್ರೂ ಎಂತ?" ಕಂಪ್ಯೂಟರಿನಲ್ಲಿ ಬರೆಯುತ್ತೇನೆ ಎಂದರೆ ಅವಳಿಗೆ ಸಮಾಧಾನವಿಲ್ಲ. "ಬರೆಯೋದು ಏನನ್ನ?" ಎಂದು ಮತ್ತೆ ಕೇಳುತ್ತಾಳೆ.

ನಮ್ಮವರಿಗೆ ಬ್ಯಾಂಕಿನಲ್ಲಿ ವರ್ಗವಾಗಿ 2022ರ ಮೇ ತಿಂಗಳಲ್ಲಿ ನಾವು ಸಾಗರದಿಂದ ಇಲ್ಲಿಗೆ ಬಂದೆವು. ಆಗಸ್ಟಿನಲ್ಲಿ ನನಗೆ ಈ ಕೆಲಸ ಸಿಕ್ಕಿತು. ಬುದ್ಧಿಯ ಬೆಳವಣಿಗೆ ನಿಧಾನವಾದ ಮಕ್ಕಳು, ಮಕ್ಕಳೆನ್ನಲಾಗದಷ್ಟು ದೊಡ್ಡವರಾದವರು, ಹಗಲು ಹೊತ್ತು ಬಂದು ಇದ್ದು ಕಲಿತು ಹೋಗುವ ಜಾಗ ಅದು. ಕಲಿಸುವವರು ಬೇರೆ ಇದ್ದಾರೆ. ನಾನು ಬರೆಯುವವಳು. ಯಾರು ಎಷ್ಟು ಹೊತ್ತಿಗೆ ಬಂದರು, ಯಾರಿಗೆ ಯಾವ ಮಾತ್ರೆ ಕೊಟ್ಟಾಯಿತು, ಯಾರಿಗೆ ಫಿಟ್ಸ್ ಬಂತು, ಎಷ್ಟು ಸೆಕೆಂಡು ಇತ್ತು, ಯಾರು ತಾವೇ ಶರ್ಟಿನ ಗುಂಡಿ ಹಾಕಿಕೊಂಡರು, ಯಾರಿಗೆ ಕೈ ಹಿಡಿದು ಹಾಕಿಸಬೇಕಾಯಿತು. ಇದಲ್ಲದೆ ಸರ್ಕಾರಕ್ಕೆ ತೋರಿಸಬೇಕಾದ ಕಾಗದಗಳ ಸಂಸಾರವೇ ಇದೆ: ನ್ಯಾಷನಲ್ ಟ್ರಸ್ಟಿನ ನೋಂದಣಿ, ಟೀಚರುಗಳ ಪುನರ್ವಸತಿ ಮಂಡಳಿಯ ನಂಬರು, ಪ್ರತಿವರ್ಷ ನವೀಕರಿಸಬೇಕಾದ ನಿರಾಮಯ ವಿಮೆ, ಒಬ್ಬೊಬ್ಬರ ಯು.ಡಿ.ಐ.ಡಿ. ಕಾರ್ಡು. 2023ರ ಏಪ್ರಿಲ್ 1ರಿಂದ ಕೇಂದ್ರದ ಯೋಜನೆಗಳಿಗೆ ಆ ಕಾರ್ಡಿನ ನಂಬರು ಬೇಕೇ ಬೇಕು ಎಂದಾದಾಗ ಆ ಇಡೀ ಬೇಸಿಗೆ ನಾನು ಬೆರಳಚ್ಚು ಮೂಡದ ಬೆರಳುಗಳನ್ನು ಒರೆಸುತ್ತ ಕಳೆದೆ. ಹದಿನೆಂಟು ತುಂಬಿದವರದ್ದು ಇನ್ನೊಂದು ಕತೆ. ಹೆತ್ತವರೇ ಆದರೂ ಕಾನೂನಿನ ಕಣ್ಣಲ್ಲಿ ಆಮೇಲೆ ಅವರು ತಾವಾಗಿಯೇ ಪೋಷಕರಲ್ಲ. 1999ರ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಯ ಸಮಿತಿಯ ಮುಂದೆ ಅರ್ಜಿ ಹಾಕಿ ಪೋಷಕತ್ವ ಪಡೆಯಬೇಕು. ಕಾಕ್ಕನಾಡಿನ ಕಲೆಕ್ಟರೇಟಿನ ಮೆಟ್ಟಿಲು ಹತ್ತಿಳಿದ ತಾಯಂದಿರ ಮಂಡಿನೋವಿನ ಬಗ್ಗೆ ಯಾವ ಕಾಲಂ ಕೂಡ ಇಲ್ಲ, ಬಿಡಿ.

ನಾನು ಸೇರುವ ಮುಂಚೆ ಇದೆಲ್ಲ ನೋಟುಪುಸ್ತಕದಲ್ಲಿತ್ತು. ನಾನು ಬಂದ ತಿಂಗಳೇ ಟ್ಯಾಬು ಬಂತು. ಬರೆಯುವುದು ವ್ಯರ್ಥ ಎಂದು ನಾನು ಹೇಳುತ್ತಿಲ್ಲ. ಒಬ್ಬಳು ಹುಡುಗಿಗೆ ಫಿಟ್ಸ್ ಬಂದ ಹೊತ್ತನ್ನು ಮೂರು ತಿಂಗಳು ಬಿಡದೆ ಬರೆದಿಟ್ಟಿದ್ದರಿಂದಲೇ, ಅದು ಹೆಚ್ಚಾಗಿ ಮಧ್ಯಾಹ್ನದ ಊಟಕ್ಕೆ ಮುಂಚೆ ಬರುತ್ತದೆ ಎಂದು ಗೊತ್ತಾಗಿ ಡಾಕ್ಟರು ಮಾತ್ರೆಯ ಹೊತ್ತು ಬದಲಿಸಿದರು. ಆ ಚಾರ್ಟನ್ನು ನೋಡಿದಾಗ ನನಗೂ ಹೆಮ್ಮೆ.

ಆದರೆ ಮೂರು ತಿಂಗಳಿಗೊಮ್ಮೆಯ ಪ್ರಗತಿ ವರದಿ ಇದೆಯಲ್ಲ, ಅದರ ರೀತಿ ಬೇರೆ. ಚೆನ್ನೈಯಲ್ಲಿ ರೂಪಿಸಿದ ಎಂ.ಡಿ.ಪಿ.ಎಸ್. ಎಂಬ ಪಟ್ಟಿಯ ಮೇಲೆ ನಮ್ಮದು ನಿಂತಿದೆ. ಹದಿನೆಂಟು ವಿಭಾಗ, ಒಂದೊಂದರಲ್ಲಿ ಇಪ್ಪತ್ತು, ಒಟ್ಟು 360 ಸಂಗತಿಗಳು. ಮಾಡುತ್ತಾನೆ, ಮಾಡುವುದಿಲ್ಲ. ಅಷ್ಟೇ. ಮೂವತ್ತನಾಲ್ಕು ಜನಕ್ಕೆ 360 ಎಂದರೆ ಎಷ್ಟಾಯಿತು ಲೆಕ್ಕ ಹಾಕಿ. ಸಾಫ್ಟ್‌ವೇರಿನವರು ದಯಾಳುಗಳು, ಹಿಂದಿನ ವರದಿಯನ್ನು ಹಾಗೇ ಮುಂದಿನದಕ್ಕೆ ಎಳೆದುಕೊಳ್ಳುವ ಒಂದು ಗುಂಡಿ ಕೊಟ್ಟಿದ್ದರು. ಟೀಚರುಗಳು ಬದಲಾದದ್ದನ್ನು ಚೀಟಿಯಲ್ಲಿ ಗುರುತು ಹಾಕಿ ಕೊಡುತ್ತಿದ್ದರು, ನಾನು ಗುಂಡಿ ಒತ್ತಿ ಅಷ್ಟನ್ನೇ ತಿದ್ದುತ್ತಿದ್ದೆ. ಚೀಟಿ ಬಾರದಿದ್ದರೆ ಗುಂಡಿ ಮಾತ್ರ.

ಈಗ ಮಾಣಿಯ ವಿಷಯ. ಹೆಸರು ಬೇಡ, ಮಾಣಿ ಎಂದೇ ಕರೆಯುತ್ತೇನೆ. ಹತ್ತೊಂಬತ್ತು ವರ್ಷ, ಅಪ್ಪನಿಗಿಂತ ಎತ್ತರ. ನಾನು ಸೇರಿದ ವಾರ ಒಬ್ಬ ಟೀಚರ್ ಅವನನ್ನು ತೋರಿಸಿ, "ಅವನ್ ಸಂಸಾರಿಕ್ಕಿಲ್ಲ" ಎಂದರು. ಪಾಪ, ಈ ಪ್ರಾಯಕ್ಕೇ ಸಂಸಾರದ ಚಿಂತೆ ಇವರಿಗೇಕೆ ಎಂದುಕೊಂಡೆ. ಮಲಯಾಳದಲ್ಲಿ ಸಂಸಾರಿಸುವುದೆಂದರೆ ಮಾತನಾಡುವುದು ಎಂದು ಆಮೇಲೆ ತಿಳಿಯಿತು. ಅವನು ಮಾತಾಡುವುದಿಲ್ಲ. ನಾನು ಹಾಗೇ ತುಂಬಿದೆ: ಅಭಿವ್ಯಕ್ತಿ ಭಾಷೆ, ಪದಗಳು, ಸೊನ್ನೆ. 2022ರ ಸೆಪ್ಟೆಂಬರಿನ ವರದಿಯಿಂದ 2024ರ ಮಾರ್ಚಿನವರೆಗೆ ಏಳು ಸಲ ಸೊನ್ನೆ. ಏಳಕ್ಕೂ ನನ್ನ ಲಾಗಿನ್.

2024ರ ಜನವರಿಯಲ್ಲಿ ನಮ್ಮನ್ನು ಎರಡು ದಿನದ ತರಬೇತಿಗೆ ತಿರುವನಂತಪುರಕ್ಕೆ ಕಳಿಸಿದ್ದರು. ನಸುಕಿನ ವಂಚಿನಾಡ್ ಎಕ್ಸ್‌ಪ್ರೆಸ್ಸಿನಲ್ಲಿ ಹೋದೆವು. ಅಲ್ಲಿ ಪಾಠ ಮಾಡಿದವರು ಹತ್ತು ಸಲವಾದರೂ ಹೇಳಿದ್ದು ಒಂದೇ: ಬರೆದಿಡದ್ದು ಆಗಲೇ ಇಲ್ಲ ಎಂದು ಲೆಕ್ಕ. ಎಲ್ಲರೂ ಬರೆದುಕೊಂಡೆವು. ಮಧ್ಯಾಹ್ನದ ಊಟಕ್ಕೆ ನನ್ನ ಪಕ್ಕ ಕೂತವರು ಕಾಸರಗೋಡಿನ ಕಡೆಯ ಒಂದು ಬಡ್ಸ್ ಶಾಲೆಯ ಟೀಚರ್. ಕೇರಳದಲ್ಲಿ ಪಂಚಾಯ್ತಿಗಳು ಇಂಥ ಮಕ್ಕಳಿಗಾಗಿ ನಡೆಸುವ ಶಾಲೆಗಳಿಗೆ ಬಡ್ಸ್ ಎನ್ನುತ್ತಾರೆ. ಕಾಸರಗೋಡು ಎಂದ ಕೂಡಲೇ ನಮಗೆ ನೆನಪಾಗುವುದು ಗೇರು ತೋಟದ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್. ಎಣ್ಮಕಜೆಯಂಥ ಊರುಗಳ ಮನೆಗಳಲ್ಲಿ ತುಳು, ಕನ್ನಡ. ಕಚೇರಿಯ ಕಡತ ಮಲಯಾಳದ್ದು. 2017ರಲ್ಲಿ ಸುಪ್ರೀಂ ಕೋರ್ಟು ಸಂತ್ರಸ್ತರಿಗೆ 5 ಲಕ್ಷ ಕೊಡಿ ಎಂದಮೇಲೂ ಪಟ್ಟಿಯಲ್ಲಿ ಹೆಸರಿದ್ದವರಿಗೆ ತಾನೇ ಹಣ. ಕಾಗದದ ಬೆಲೆ ಏನೆಂದು ಆ ಕಡೆಯವರಿಗೆ ಯಾರೂ ಪಾಠ ಹೇಳಬೇಕಿಲ್ಲ. ಆ ಟೀಚರ್ ಸಾರನ್ನ ಕಲಸುತ್ತ ಹೇಳಿದರು, "ನಾನು ಪ್ರತಿ ಮಗುವಿನ ಪುಸ್ತಕದ ಮೊದಲ ಪುಟದಲ್ಲಿ ಕೆಂಪು ಪೆನ್ಸಿಲಿನಲ್ಲಿ ಒಂದು ಅಕ್ಷರ ಬರೀತೇನೆ. ಮ, ಕ, ಇಲ್ಲಾ ತು." ಮನೆಯ ಭಾಷೆ. ಒಳ್ಳೆಯ ಉಪಾಯ ಎಂದೆ. ಹಪ್ಪಳ ಮುರಿದೆ. ಮರೆತೆ.

ಜೂನ್ ತಿಂಗಳಲ್ಲಿ ಒಂದು ಬೆಳಿಗ್ಗೆ ಸ್ಟೇಡಿಯಂ ಕಡೆಯಿಂದ ಮಳೆ ಬಂತು. ಇಲ್ಲಿಯ ಮಳೆಗೆ ನಮ್ಮ ಮಲೆನಾಡಿನ ಮಳೆಯ ಪೀಠಿಕೆ ಇಲ್ಲ, ನೇರ ಬಾಗಿಲಿಗೇ ಬರುತ್ತದೆ. ನಾನು ಕಿಟಕಿ ಹಾಕಲು ಎದ್ದೆ. ಪಕ್ಕದಲ್ಲಿ ಮಾಣಿ ನಿಂತಿದ್ದ. ಯಾರಿಗೂ ಅಲ್ಲ ಎಂಬಂತೆ, ಗಾಜಿಗೆ ಮೂಗು ಒತ್ತಿಕೊಂಡು ಹೇಳಿದ:

"ಮಳಿ ಬಂತ್ ಕಾಣ್."

ಅದು ಕುಂದಾಪುರ. ನೂರಕ್ಕೆ ನೂರು ಕುಂದಾಪುರ. ನಮ್ಮ ಕಾಲೇಜಿನ ಹಾಸ್ಟೆಲಿನಲ್ಲಿ ಮೂರು ವರ್ಷ ಕೇಳಿದ ದನಿ. ಎರಡು ವರ್ಷ ಹತ್ತಡಿ ದೂರದಲ್ಲಿ ಕೂತು ನಾನು ಅವನಿಗೆ ನನ್ನ ಹರುಕು ಮಲಯಾಳದಲ್ಲಿ "ಮೋನೇ, ಇರಿಕ್ಕ್" ಎನ್ನುತ್ತಿದ್ದೆ. ಮಲಯಾಳ ಕಲಿಯಬೇಕೆಂಬ ಹುಮ್ಮಸ್ಸಿನಲ್ಲಿ ಆ ಕಟ್ಟಡದೊಳಗೆ ಒಂದು ದಿನವೂ ಕನ್ನಡದ ಒಂದು ಮಾತು ಆಡಿರಲಿಲ್ಲ.

ಟೀಚರನ್ನು ಕರೆದು ಹೇಳಿದರೆ ಅವರು ನಂಬಲಿಲ್ಲ. "ಕಾಣ್ ಅಂತಾನೆ, ಗೊತ್ತು. ಅದು ನಮ್ಮ ಮಲಯಾಳವೇ. ಎಲ್ಲೋ ಕೇಳಿಸಿಕೊಂಡದ್ದು ಒದರ್ತಾನೆ, ಅರ್ಥ ತಿಳಿದಲ್ಲ" ಎಂದರು. ಅವರದ್ದೂ ತಪ್ಪಲ್ಲ. ಕಾಣುವುದು ಎರಡೂ ಕಡೆಯಲ್ಲಿ ಕಾಣುವುದೇ. ಮಳಿ ಬಂತ್ ಎಂಬುದು ಮಾತ್ರ ಅವರ ಕಿವಿಗೆ ಬರೀ ಸದ್ದು.

ಮೂರೂವರೆಗೆ ಮಾಣಿಯ ಅಪ್ಪ ಸ್ಕೂಟರಿನಲ್ಲಿ ಬಂದರು. ಇಲ್ಲಿಯ ಒಂದು ಹೋಟೆಲಿನಲ್ಲಿ ಅಡುಗೆಯವರು, ಇಪ್ಪತ್ತು ವರ್ಷದಿಂದ. ದಾಖಲಾತಿ ಫಾರಮಿನಲ್ಲಿ ಜಾತಿ, ಆದಾಯ, ರಕ್ತದ ಗುಂಪು ಎಲ್ಲ ಕೇಳಿದ್ದರು, ಭಾಷೆ ಕೇಳಿರಲಿಲ್ಲ. ಹೆಸರಿನ ಮುಂದೆ ಇಲ್ಲಿಯವರಂತೆ ಒಂದು ಇನಿಷಿಯಲ್. ಮಲಯಾಳವಂತೂ ಇಲ್ಲೇ ಹುಟ್ಟಿದವರ ಹಾಗೆ. "ಕುಂದಾಪ್ರದ ಬದಿಯವ್ರಾ ನೀವು?" ಎಂದೆ. ಅವರು ಒಂದು ಕ್ಷಣ ನನ್ನನ್ನೇ ನೋಡಿ, ಹೆಲ್ಮೆಟ್ ತೆಗೆದರು.

ಮಾಣಿಗೆ ನಾಲ್ಕು ವರ್ಷವಾದಾಗ ಯಾರೋ ಡಾಕ್ಟರು ಹೇಳಿದ್ದರಂತೆ, ಮನೆಯಲ್ಲಿ ಒಂದೇ ಭಾಷೆ ಆಡಿ, ಶಾಲೆಯದ್ದನ್ನೇ ಆಡಿ ಎಂದು. ಇಂಥ ಮಕ್ಕಳಿಗೆ ಎರಡು ಭಾಷೆ ಕಿವಿಗೆ ಬಿದ್ದರೆ ಮಾತು ಕೆಡುತ್ತದೆ ಎಂಬುದು ಬಹಳ ಕಾಲದ ನಂಬಿಕೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳ ಮೇಲೆ ನಡೆದ ಅಧ್ಯಯನಗಳು ಅದನ್ನು ಒಪ್ಪುವುದಿಲ್ಲ. ಆದರೆ ಅಪ್ಪ ಅಮ್ಮ ಕಷ್ಟಪಟ್ಟು ಮನೆಯಲ್ಲೂ ಮಲಯಾಳ ಹಿಡಿದರು. ಮಲಯಾಳ ಬಾರದ ಅಮ್ಮಮ್ಮ ಒಬ್ಬರೇ ಮೊಮ್ಮಗನ ಹತ್ತಿರ ತಮಗೆ ಬಂದದ್ದನ್ನು ಆಡಿಕೊಂಡಿದ್ದರು. ನಾನು ಬರುವ ವರ್ಷವೇ ಕಾಲುನೋವೆಂದು ಅವರು ಊರಿಗೆ ಹೋಗಿಬಿಟ್ಟಿದ್ದರು.

ಆವತ್ತು ರಾತ್ರಿ ಅವರಿಗೆ ಫೋನು ಮಾಡಿದೆ. "ಅಂವ ಮಾತಾಡುದಿಲ್ಲ ಅಂದೇಳಿ ಯಾರ್ ಹೇಳದ್ ನಿಮ್ಗೆ?" ಎಂದು ನನ್ನನ್ನೇ ಗದರಿಸಿದರು. ನಾನು ಹೇಳಿದ್ದು, ಏಳು ಸಲ ಹೇಳಿದ್ದು ಎಂದು ಅವರಿಗೆ ತಿಳಿಸುವ ಧೈರ್ಯ ಬರಲಿಲ್ಲ. ಮಾಣಿ ಆಡುವ ಮಾತುಗಳನ್ನು ಅವರು ಒಂದೊಂದಾಗಿ ಹೇಳಿದರು, ನಾನು ಗೀಚಿಕೊಂಡೆ. ಗಂಜಿ, ಚಾ, ಬ್ಯಾಡ, ಬಾ, ದನ, ಹೊಟ್ಟಿ ನೋವು. ಹೊಟ್ಟಿ ನೋವು ಎಂಬಲ್ಲಿ ನನ್ನ ಪೆನ್ನು ನಿಂತಿತು. ಹಿಂದಿನ ವರ್ಷ ಅವನು ಎರಡು ದಿನ ಗೋಡೆಗೆ ತಲೆ ಚಚ್ಚಿಕೊಂಡಿದ್ದ. ನಡವಳಿಕೆಯ ಸಮಸ್ಯೆ ಎಂಬ ಸಾಲಿನಲ್ಲಿ ನಾನೇ ಗುರುತು ಹಾಕಿದ್ದೆ. ಆಗ ಏನು ಹೇಳುತ್ತಿದ್ದನೋ.

ಮುಂದಿನ ಎರಡು ವಾರ ದಿನಕ್ಕೆ ಅರ್ಧ ಗಂಟೆ ನಾನೂ ಟೀಚರೂ ಅವನ ಜೊತೆ ಕೂತೆವು. ಚಿತ್ರ ತೋರಿಸಿ ಕನ್ನಡದಲ್ಲಿ ಕೇಳುವವಳು ನಾನು, ಗುರುತು ಹಾಕುವವರು ಅವರು. 43 ಪದ ಬಂತು. ಹೊಸ ವರದಿಯಲ್ಲಿ ಅದನ್ನು ತುಂಬಿದರೆ ಟ್ಯಾಬು ಕೆಂಪಗಾಯಿತು. ಸೊನ್ನೆಯಿಂದ 43ಕ್ಕೆ ಜಿಗಿಯುವುದನ್ನು ಅದು ಒಪ್ಪುವುದಿಲ್ಲ. ಹಳೆಯ ವರದಿ ತಿದ್ದೋಣವೆಂದರೆ ಅವಧಿ ಮುಗಿದ ವರದಿಗಳಿಗೆ ಬೀಗ. ಬೀಗ ಇರಬೇಕಾದದ್ದೇ, ಯಾರೂ ಹಿಂದಿನದನ್ನು ಸುಳ್ಳಾಗಿ ತಿದ್ದಬಾರದಲ್ಲ. ಸುಳ್ಳನ್ನು ತಿದ್ದುವುದಕ್ಕೂ ಅದೇ ಬೀಗ.

ಅದಕ್ಕಿಂತ ಗಟ್ಟಿ ಬೀಗ ಹಾಕಿದವರು ಮಾಣಿಯ ಅಪ್ಪ. "ಮೇಡಂ, ಬರೀಬೇಡಿ" ಎಂದರು. "ಅವನದ್ದು 75 ಪರ್ಸೆಂಟ್ ಸರ್ಟಿಫಿಕೇಟು. ಮಾತಾಡ್ತಾನೆ ಅಂತಾದ್ರೆ ಕಮ್ಮಿ ಮಾಡ್ತಾರೆ. ಪೆನ್ಷನ್ ಹೋದ್ರೆ ನೀವು ಕೊಡ್ತೀರಾ?" ನನ್ನ ಹತ್ತಿರ ಉತ್ತರವಿರಲಿಲ್ಲ. 2016ರ ಕಾಯ್ದೆಯ ಸವಲತ್ತುಗಳೆಲ್ಲ 40 ಪರ್ಸೆಂಟಿನ ಗೆರೆಯ ಮೇಲೆ ನಿಂತಿವೆ ಎಂದು ಅಡುಗೆಮನೆಯಲ್ಲಿರುವ ಅವರಿಗೂ ಬಾಯಿಪಾಠ. ಮಗನ ಬಾಯಿಂದ ಮಾತು ಬಂದರೆ ಹೆದರಬೇಕಾದ ಅಪ್ಪನನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ನಮ್ಮ ಹಿರಿಯ ಟೀಚರ್, ನನ್ನನ್ನು ಮೋಳೆ ಎಂದು ಕರೆಯುವವರು, ಅವರನ್ನು ಕೂರಿಸಿ ಚಾ ತರಿಸಿದರು. ಸರ್ಟಿಫಿಕೇಟು ಕೊಡುವುದು ವೈದ್ಯಕೀಯ ಮಂಡಳಿ, ಅದು ಅಳೆಯುವುದು ಬುದ್ಧಿಯನ್ನೂ ಬದುಕಿನ ಕೌಶಲವನ್ನೂ. 43 ಪದಕ್ಕೆ 75 ಎನ್ನುವುದು ಕರಗಿ 40ರ ಕೆಳಗೆ ಬರುವುದಿಲ್ಲ ಎಂದರು. ನಮ್ಮ ವರದಿ ಇರುವುದು ನಾಳೆ ಅವನಿಗೆ ಏನು ಕಲಿಸಬೇಕೆಂದು ತಿಳಿಯಲು ಎಂದರು. ಅಪ್ಪ ಪೂರ್ತಿ ನಂಬಿದಂತೆ ಕಾಣಲಿಲ್ಲ. ಲೋಟ ಕೆಳಗಿಟ್ಟು, "ಹೊಟ್ಟೆನೋವು ಅಂತಾನಾ ಅವ?" ಎಂದು ಕೇಳಿದರು. ಹೂಂ ಎಂದೆ. ಸ್ವಲ್ಪ ಹೊತ್ತು ಬಿಟ್ಟು, "ಬರ್ಕೊಳ್ಳಿ" ಎಂದರು.

ಬರೆಯುವುದೆಲ್ಲಿ? ಭಾಷೆಗೆ ಕಾಲಂ ಇಲ್ಲ. ಕೊನೆಯಲ್ಲಿ ಷರಾ ಎಂದು ಒಂದು ಪೆಟ್ಟಿಗೆ, ಇನ್ನೂರು ಅಕ್ಷರ, ಇಂಗ್ಲಿಷು ಮಾತ್ರ. ಮನೆಮಾತು ಕುಂದಾಪುರದ ಕನ್ನಡ, ಹಿಂದಿನ ಏಳು ಪರೀಕ್ಷೆಗಳೂ ಮಲಯಾಳದಲ್ಲಿ ಆಗಿದ್ದವು, ಅವು ಸರಿಯಲ್ಲ ಎಂದು ಬರೆಯುವಷ್ಟರಲ್ಲಿ ಇನ್ನೂರು ಮುಗಿಯಿತು. ತಪಾಸಣೆಗೆ ಬಂದವರು ಆ ಪೆಟ್ಟಿಗೆ ಓದಲಿಲ್ಲ. ಕೆಂಪು ಏಕೆ ಎಂದಷ್ಟೇ ಕೇಳಿದರು, ಹಿರಿಯ ಟೀಚರ್ ಉತ್ತರಿಸಿದರು. ಮಿಕ್ಕ ಮೂವತ್ಮೂರು ಜನರ ಮನೆಗೂ ಫೋನು ಮಾಡಿ ಭಾಷೆ ಕೇಳಿದೆ. ಒಂದು ಮನೆಯಲ್ಲಿ ಕೊಂಕಣಿ, ಎರಡರಲ್ಲಿ ತಮಿಳು. ಮೊದಲ ಪುಟವಿಲ್ಲದ ಟ್ಯಾಬಿಗೆ ಕೆಂಪು ಪೆನ್ಸಿಲು ಹತ್ತುವುದಿಲ್ಲ. ಅದಕ್ಕೇ ನಾಲ್ಕು ಹೆಸರನ್ನು ಒಂದು ರಟ್ಟಿನ ಮೇಲೆ ಬರೆದು, ಪಕ್ಕದಲ್ಲಿ ಕ, ಕೊಂ, ತ, ತ ಎಂದು ಹಾಕಿ ಗೋಡೆಗೆ ತೂಗಿದ್ದೇನೆ. ಎಳೆದುಕೊಳ್ಳುವ ಗುಂಡಿ ಈಗಲೂ ಇದೆ. ಮಾರ್ಚಿ ಬಂದಾಗ ಕೈ ಅದರತ್ತ ಹೋಗುವುದೂ ಇದೆ.

ಬುಧವಾರ, ಶನಿವಾರ ಹತ್ತೂವರೆಗೆ ಅಮ್ಮಮ್ಮನಿಗೆ ಫೋನು. ಅದಕ್ಕೆ ನಮ್ಮ ವೇಳಾಪಟ್ಟಿಯಲ್ಲಿ ವಾಕ್ ಚಿಕಿತ್ಸೆ ಎಂದು ಹೆಸರು. ಮೂರೂವರೆಗೆ ಸ್ಕೂಟರಿನ ಸದ್ದಾದರೆ ಮಾಣಿ ಚೀಲ ಹೆಗಲಿಗೆ ಹಾಕಿಕೊಂಡು ನನ್ನ ಮೇಜಿನ ಮುಂದೆ ಬಂದು ನಿಲ್ಲುತ್ತಾನೆ.

"ಬತ್ತೆ" ಎನ್ನುತ್ತಾನೆ.

ಹೋಗಿ ಬಾ ಎಂದು, ಟ್ಯಾಬು ತೆಗೆದು ಹೊರಟ ಹೊತ್ತು ಬರೆದುಕೊಳ್ಳುತ್ತೇನೆ.