ಗುಲ್ವಾಡಿಯ ಹೊಳೆ, ಮಾವನ ವಾಚು

ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ ಕುಂದಾಪುರಕ್ಕೆ ಹೋಗೋದು ಅಂದ್ರೆ ನನಗೆ ಚಿಕ್ಕಂದಿನ ಬೇಸಿಗೆ ರಜೆಯ ಖುಷಿ. ಸಂಜೆ ಬೆಂಗಳೂರಲ್ಲಿ ಹತ್ತಿ ಮಲಗಿದರೆ, ಘಾಟಿ ಇಳಿದದ್ದೂ ಗೊತ್ತಾಗದ ಹಾಗೆ ಮೂಡ್ಲಕಟ್ಟೆಯಲ್ಲಿ ಕಣ್ಣು ಬಿಡಬಹುದು. ಆದರೆ ಈ ಸಲ ನಿದ್ದೆ ಬರಲಿಲ್ಲ. ಅಜ್ಜಿಮನೆಗೆ ಹೋಗ್ತಾ ಇದ್ದೆ. ಅಲ್ಲಿ ಮಾವ ಇದ್ದರು. ನಾಲ್ಕು ತಿಂಗಳ ಹಿಂದೆ ಫೋನಿನಲ್ಲಿ ನಾನು ಹೇಳಿದ ಒಂದು ಮಾತು ಅವರ ಹೃದಯದ ಮೇಲೆ ಗುರುತು ಬಿಟ್ಟಿತ್ತು. ಅದಾದ ಮೇಲೆ ಅವರ ಮುಖ ನೋಡ್ತಾ ಇರೋದು ಇದೇ ಮೊದಲು.

ಮೂಡ್ಲಕಟ್ಟೆ ಸ್ಟೇಷನ್ನಿನಿಂದ ರಿಕ್ಷಾ ಹಿಡಿದು ಬಸ್ರೂರು, ಕಂಡ್ಲೂರು ಕಡೆಯಿಂದ ಗುಲ್ವಾಡಿಗೆ ಬಂದೆ. ಬಸ್ರೂರು ಒಂದು ಕಾಲದಲ್ಲಿ ಪೋರ್ಚುಗೀಸರು, ಅರಬರು ಬಂದು ವ್ಯಾಪಾರ ಮಾಡಿದ ದೊಡ್ಡ ಬಂದರು. ಈಗ ಅಲ್ಲಿ ಹೊಳೆ, ದೇವಸ್ಥಾನಗಳು, ಬೆಳಗಿನ ಮೌನ. ಅಲ್ಲಿಂದ ಮುಂದೆ ತೋಟ, ಗದ್ದೆ, ಮಧ್ಯೆ ಮಧ್ಯೆ ವಾರಾಹಿ ಹೊಳೆಯ ದರ್ಶನ.

ಗುಲ್ವಾಡಿ ಅಂದ್ರೆ ಸಾಹಿತ್ಯ ಓದಿದವರಿಗೆ ಗುಲ್ವಾಡಿ ವೆಂಕಟರಾಯರು ನೆನಪಾಗ್ತಾರೆ. 1899ರಲ್ಲಿ ಬಂದ ಅವರ ‘ಇಂದಿರಾಬಾಯಿ’ ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿ. ಚಿಕ್ಕ ವಯಸ್ಸಿನಲ್ಲೇ ವಿಧವೆಯಾದ ಹುಡುಗಿ ಓದಿ, ಮತ್ತೆ ಮದುವೆಯಾಗುವ ಕಥೆ. ಅದು ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ. ಮಿಷನರಿಗಳು ಧರ್ಮಪ್ರಚಾರಕ್ಕೆ ಅಂತ ತಂದ ಯಂತ್ರದಲ್ಲಿ, ಪೊಲೀಸ್ ಇಲಾಖೆಯಲ್ಲಿದ್ದ ಒಬ್ಬರು ತಮ್ಮದೇ ಸಮಾಜವನ್ನು ಪ್ರಶ್ನಿಸುವ ಪುಸ್ತಕ ಅಚ್ಚು ಹಾಕಿಸಿದರು. ಹೊಸ ಯಂತ್ರ ಬಂದಾಗ ಅದರಿಂದ ಏನು ಕೇಳಬೇಕು ಅನ್ನೋದು ಅವರಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.

ಬೆಳಗಿನ ಜಾವ 4:20

ಮಾವನಿಗೆ ಅರವತ್ನಾಲ್ಕು. ಹತ್ತಿಪ್ಪತ್ತು ತೆಂಗು, ಸ್ವಲ್ಪ ಅಡಿಕೆ, ಒಂದಿಷ್ಟು ಗದ್ದೆ. ಬಿಪಿ ಇದೆ. ಮಗ ದುಬೈನಲ್ಲಿ. ಹೋದ ವರ್ಷ ಬೋನಸ್ ಬಂದಾಗ ನಾನು ಅವರಿಗೊಂದು ಸ್ಮಾರ್ಟ್‌ವಾಚ್ ಕೊಡಿಸಿದ್ದೆ. ಇಸಿಜಿ ತೆಗೆಯುವಂಥದ್ದು. ವಾಚಿನ ಪಕ್ಕದ ಗುಂಡಿ ಮೇಲೆ ಮೂವತ್ತು ಸೆಕೆಂಡ್ ಬೆರಳಿಟ್ಟರೆ ಆಯ್ತು, ಫಲಿತಾಂಶ ಬರುತ್ತದೆ. ಸೆಟಪ್ ಮಾಡಿಕೊಟ್ಟವನೂ ನಾನೇ. ನಾಲ್ಕೈದು ಪರದೆ ಬಂದವು, ನಾನು ‘ಮುಂದುವರಿಸಿ’, ‘ಮುಂದುವರಿಸಿ’ ಅಂತ ಒತ್ತುತ್ತಾ ಹೋದೆ.

ಆವತ್ತು ಬೆಳಗಿನ ಜಾವ ಅತ್ತೆಯ ಫೋನು. “ಮಾವನಿಗೆ ಎದೆ ಒಂದ್ ನಮೂನಿ ಆತ್ತಂಬ್ರ್ ಮಗಾ. ಬೆವರೂ ಬತ್ತಾ ಇತ್ತ್.”

ನಿದ್ದೆಗಣ್ಣಿನಲ್ಲೇ ನಾನು ಹೇಳಿದೆ: “ವಾಚಲ್ಲಿ ಬೆರಳಿಡೋಕೆ ಹೇಳಿ ಅತ್ತೆ.” ಅರ್ಧ ನಿಮಿಷದ ನಂತರ ಅವರು ಪರದೆಯ ಫೋಟೋ ಕಳಿಸಿದರು. ‘ಸೈನಸ್ ರಿದಮ್’ ಅಂತಿತ್ತು. ನಾರ್ಮಲ್ ಅಂತ ಅರ್ಥ ಅಂದುಕೊಂಡೆ. ಹಿಂದಿನಿಂದ ಮಾವನ ಸ್ವರ ಕೇಳಿತು, “ಎಂತದೂ ಇಲ್ಲೆ ಮರಾಯಾ, ಗ್ಯಾಸ್ ಆಯ್ಕು.” ನಾನೂ ಅದನ್ನೇ ಹೇಳಿದೆ. “ಗ್ಯಾಸ್ ಇರಬೇಕು, ಬೆಳಿಗ್ಗೆ ಡಾಕ್ಟರ ಹತ್ರ ಹೋಗಿ.” ಫೋನಿಟ್ಟು ಮಲಗಿದೆ.

ಬೆಳಿಗ್ಗೆ ಹಾಲು ಕೊಡಲು ಬಂದ ಪಕ್ಕದ ಮನೆಯವರು ಮಾವನ ಮುಖ ನೋಡಿ, ಒಂದು ಪ್ರಶ್ನೆಯನ್ನೂ ಕೇಳದೆ ರಿಕ್ಷಾ ಕರೆಸಿದರು. ಹತ್ತಿರದ ಕ್ಲಿನಿಕ್ಕಿನಲ್ಲಿ ಇಸಿಜಿ ತೆಗೆದಾಗ ಗಂಟೆ ಏಳು ನಲವತ್ತು. ಹಾರ್ಟ್ ಅಟ್ಯಾಕ್. ಮೂರು ಗಂಟೆ ಇಪ್ಪತ್ತು ನಿಮಿಷ ಹೋಗಿತ್ತು.

ವಾಚು ಸುಳ್ಳು ಹೇಳಲಿಲ್ಲ

ಆಮೇಲೆ ನಾನು ಓದಿ ತಿಳಿದುಕೊಂಡದ್ದನ್ನು ಇಲ್ಲಿ ಹೇಳಲೇಬೇಕು. ಯಾಕೆಂದರೆ ನಿಮ್ಮಲ್ಲೂ ಅನೇಕರು ಅಪ್ಪ ಅಮ್ಮನಿಗೆ ಇಂಥ ವಾಚು ಕೊಡಿಸಿರ್ತೀರಿ.

ಹೃದಯ ಬಡಿಯುವಾಗ ಹುಟ್ಟುವ ಸಣ್ಣ ವಿದ್ಯುತ್ತನ್ನು ಇಸಿಜಿ ಅಳೆಯುತ್ತದೆ. ಆಸ್ಪತ್ರೆಯಲ್ಲಿ ಎದೆಗೆ ಆರು, ಕೈಕಾಲಿಗೆ ನಾಲ್ಕು ಹೀಗೆ ಹತ್ತು ಕಡೆ ತಂತಿ ಅಂಟಿಸಿ, ಹೃದಯವನ್ನು ಹನ್ನೆರಡು ದಿಕ್ಕಿನಿಂದ ನೋಡ್ತಾರೆ. ವಾಚು ಎರಡು ಕೈಗಳ ನಡುವೆ ಒಂದೇ ದಿಕ್ಕಿನಿಂದ ನೋಡುತ್ತದೆ. ಆ ಒಂದು ನೋಟದಲ್ಲಿ ಬಡಿತದ ಲಯ ಸರಿಯಿದೆಯಾ ಇಲ್ಲವಾ ಗೊತ್ತಾಗುತ್ತದೆ. ಏಟ್ರಿಯಲ್ ಫಿಬ್ರಿಲೇಷನ್ ಅನ್ನುವ ಲಯದ ತೊಂದರೆಯನ್ನು ಈ ವಾಚುಗಳು ಚೆನ್ನಾಗಿಯೇ ಹಿಡಿಯುತ್ತವೆ. ಅದು ಪಾರ್ಶ್ವವಾಯುವಿಗೆ ಕಾರಣವಾಗಬಲ್ಲ ತೊಂದರೆ, ಮೊದಲೇ ಗೊತ್ತಾದರೆ ಜೀವ ಉಳಿಯುತ್ತದೆ. ಹಾಗಾಗಿ ಇದು ಆಟದ ಸಾಮಾನಲ್ಲ.

ಆದರೆ ಹೃದಯದ ರಕ್ತನಾಳ ಕಟ್ಟಿಕೊಂಡು ಸ್ನಾಯು ಸಾಯುತ್ತಿರುವಾಗಲೂ ಬಡಿತದ ಲಯ ಸರಿಯಾಗಿಯೇ ಇರಬಹುದು. ‘ಸೈನಸ್ ರಿದಮ್’ ಅಂದರೆ ಲಯ ಸರಿ ಇದೆ ಅಂತ ಅಷ್ಟೇ. ಹಾರ್ಟ್ ಅಟ್ಯಾಕ್ ಇಲ್ಲ ಅಂತಲ್ಲ. ನಾನು ‘ಮುಂದುವರಿಸಿ’ ಅಂತ ದಾಟಿಸಿದ ಪರದೆಗಳಲ್ಲಿ ಒಂದರಲ್ಲಿ, ಈ ಆ್ಯಪ್ ಹೃದಯಾಘಾತವನ್ನು ಪತ್ತೆಹಚ್ಚುವುದಿಲ್ಲ ಅಂತ ಸ್ಪಷ್ಟವಾಗಿ ಬರೆದಿತ್ತು. ಆಫೀಸಿನಲ್ಲಿ ಇಂಥ ಎಚ್ಚರಿಕೆಯ ಪರದೆಗಳನ್ನು ನಾನೇ ಕೋಡ್ ಮಾಡಿದ್ದೇನೆ. ಯಾರೂ ಓದೋದಿಲ್ಲ ಅಂತ ತಮಾಷೆಯನ್ನೂ ಮಾಡಿದ್ದೇನೆ.

ನೂರು ವರ್ಷದ ಹಳೆ ಉಪಾಯ

ಮಾವನನ್ನು ಉಳಿಸಿದ್ದೂ ತಂತ್ರಜ್ಞಾನವೇ. ಕ್ಲಿನಿಕ್ಕಿನ ಡಾಕ್ಟರು ಇಸಿಜಿಯ ಫೋಟೋ ತೆಗೆದು ತಮಗೆ ಪರಿಚಯದ ಹೃದ್ರೋಗ ತಜ್ಞರಿಗೆ ವಾಟ್ಸ್‌ಆ್ಯಪ್ ಮಾಡಿದರು. ಎರಡೇ ನಿಮಿಷದಲ್ಲಿ ವಾಪಸ್ ಫೋನು ಬಂತು.

ನಮ್ಮ ಕರಾವಳಿಗೆ ಇದು ಹೊಸತಲ್ಲ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ 2018ರಲ್ಲಿ ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್’ ಅಂತ ಶುರುಮಾಡಿ, ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡಿಸಿ, ಅಲ್ಲಿನ ವೈದ್ಯರನ್ನು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ತಜ್ಞರ ಜೊತೆ ಜೋಡಿಸಿದರು. ರಾಜ್ಯ ಸರ್ಕಾರ 2023ರಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನ ‘ಹೃದಯ ಜ್ಯೋತಿ’ ಯೋಜನೆ ತಂದಿತು. ತಾಲೂಕು ಮಟ್ಟದ ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಕೃತಕ ಬುದ್ಧಿಮತ್ತೆಯ ನೆರವಿನಿಂದ ಬೇಗ ಓದಿ, ಬೇಕಾದವರಿಗೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಅದು.

ಇಸಿಜಿಯನ್ನು ದೂರಕ್ಕೆ ಕಳಿಸೋದು ಎಷ್ಟು ಹಳೆಯದು ಗೊತ್ತಾ? ಇಸಿಜಿ ಯಂತ್ರ ರೂಪಿಸಿದ ನೆದರ್ಲೆಂಡಿನ ಐಂಥೋವನ್ 1905ರಲ್ಲೇ, ಆಸ್ಪತ್ರೆಯಲ್ಲಿದ್ದ ರೋಗಿಯ ಇಸಿಜಿಯನ್ನು ಟೆಲಿಫೋನ್ ತಂತಿಯ ಮೂಲಕ ಒಂದೂವರೆ ಕಿ.ಮೀ. ದೂರದ ತನ್ನ ಪ್ರಯೋಗಾಲಯಕ್ಕೆ ತರಿಸಿದ್ದ. ಆಗ ರೋಗಿಗಳು ಕೈಕಾಲನ್ನು ಉಪ್ಪು ನೀರಿನ ಪಾತ್ರೆಯಲ್ಲಿ ಅದ್ದಿ ಕೂರಬೇಕಿತ್ತು. 1924ರಲ್ಲಿ ಆತನಿಗೆ ನೊಬೆಲ್ ಬಂತು.

ಮಾವನ ಕಥೆಗೆ ಬರೋಣ. ಫೋನಿನಲ್ಲಿದ್ದ ತಜ್ಞರು ಕೇಳಿದ ಪ್ರಶ್ನೆಗಳಲ್ಲಿ ಒಂದು ಹೀಗಿತ್ತು: ಇತ್ತೀಚೆಗೆ ತಲೆಗೆ ಪೆಟ್ಟು ಬಿದ್ದಿತ್ತಾ? ಅತ್ತೆಗೆ ತಟ್ಟನೆ ನೆನಪಾಯ್ತು. ಎರಡು ತಿಂಗಳ ಹಿಂದೆ ಮಾವ ಹಟ್ಟಿಯಲ್ಲಿ ಜಾರಿ ಬಿದ್ದು ತಲೆಗೆ ಜೋರು ಪೆಟ್ಟಾಗಿ, ಹೊಲಿಗೆ ಹಾಕಿಸಿ, ಎರಡು ದಿನ ಆಸ್ಪತ್ರೆಯಲ್ಲಿದ್ದರು. ನನಗೆ ಅದನ್ನು ಯಾರೂ ಹೇಳಿರಲಿಲ್ಲ. ವಾಚಿಗಂತೂ ಗೊತ್ತಿರಲಿಲ್ಲ.

ಹೆಪ್ಪು ಕರಗಿಸುವ ಔಷಧಿ ಹೃದಯದಲ್ಲಿ ಮಾತ್ರ ಕೆಲಸ ಮಾಡೋದಿಲ್ಲ. ನೂರರಲ್ಲಿ ಸುಮಾರು ಒಬ್ಬರಿಗೆ ಮೆದುಳಿನಲ್ಲಿ ರಕ್ತಸ್ರಾವ ಆಗಬಹುದು. ಮೂರು ತಿಂಗಳ ಒಳಗೆ ತಲೆಗೆ ದೊಡ್ಡ ಪೆಟ್ಟು ಬಿದ್ದವರಿಗೆ ಆ ಅಪಾಯ ಹೆಚ್ಚು. ಹಾಗಾಗಿ ಇಂಜೆಕ್ಷನ್ ಬೇಡ ಅಂತ ತೀರ್ಮಾನಿಸಿ, ನೇರ ಉಡುಪಿ ಕಡೆಯ ದೊಡ್ಡ ಆಸ್ಪತ್ರೆಗೆ ಆಂಬುಲೆನ್ಸಿನಲ್ಲಿ ಕಳಿಸಿದರು. ಸ್ಟೆಂಟ್ ಹಾಕಿದರು. ಮಾವ ಉಳಿದರು. ಆದರೆ ಹೃದಯದ ಪಂಪಿಂಗ್ ಶೇ. 40ಕ್ಕೆ ಇಳಿದಿದೆ. ಸಾಮಾನ್ಯವಾಗಿ ಅದು 55ರ ಮೇಲಿರಬೇಕು. ಬೇಗ ಬಂದಿದ್ದರೆ ಇಷ್ಟು ಸ್ನಾಯು ಹೋಗ್ತಿರಲಿಲ್ಲ ಅಂತ ಡಾಕ್ಟರು ಅಂದರಂತೆ. ಯಾಕೆ ತಡವಾಯ್ತು ಅಂತ ಕೇಳಿದ್ದಕ್ಕೆ ಮಾವ, “ನಾನೇ ಉದಾಸೀನ ಮಾಡ್ದೆ” ಅಂದರಂತೆ.

ಹೊಳೆ ಬದಿಯಲ್ಲಿ

ನಾನು ಹೋದಾಗ ಮಾವ ಜಗುಲಿಯಲ್ಲಿ ಕೂತಿದ್ದರು. ಸೊರಗಿದ್ದರು. “ಹೋಯ್, ಬಂದ್ಯಾ? ರೈಲಗೆ ನಿದ್ರಿ ಬಂತಾ?” ಎಡಗೈಯಲ್ಲಿ ಅದೇ ವಾಚು.

ಮಧ್ಯಾಹ್ನ ಕುಚ್ಚಲಕ್ಕಿ ಗಂಜಿ, ಹುರುಳಿ ಸಾರು. ನನ್ನ ಬಟ್ಟಲಿಗೆ ಮಿಡಿ ಉಪ್ಪಿನಕಾಯಿ, ಮಾವನ ಬಟ್ಟಲಿಗೆ ಇಲ್ಲ. ಉಪ್ಪು ಕಡಿಮೆ ಮಾಡಬೇಕು ಅಂತ ಡಾಕ್ಟರ ಅಪ್ಪಣೆ. ರಾತ್ರಿ ನಿದ್ದೆಗೆಡೋದೂ ಬೇಡ ಅಂದಿದ್ದಾರೆ. ಊರಿನ ಸೌಕೂರು ದುರ್ಗಾಪರಮೇಶ್ವರಿ ದೇವಸ್ಥಾನದ ಮೇಳದ ಆಟಗಳನ್ನು ಬೆಳಗಿನವರೆಗೆ ಕೂತು ನೋಡ್ತಿದ್ದ ಮನುಷ್ಯ, ಈಗ ಚಂಡೆಯ ಸದ್ದನ್ನು ಮನೆಯಿಂದಲೇ ಕೇಳಿ ಮಲಗ್ತಾರೆ. ಅದನ್ನು ಅತ್ತೆ ಹೇಳಿದಾಗ ನನ್ನ ಗಂಟಲು ಕಟ್ಟಿತು.

ಸಂಜೆ ಇಬ್ಬರೂ ನಿಧಾನಕ್ಕೆ ಹೊಳೆ ಬದಿಗೆ ನಡೆದೆವು. ಘಟ್ಟದಿಂದ ಇಳಿದು ಬರುವ ವಾರಾಹಿ ಇಲ್ಲಿ ಅಗಲವಾಗಿ, ಅವಸರವಿಲ್ಲದೆ ಹರಿಯುತ್ತದೆ. ಮುಂದೆ ಗಂಗೊಳ್ಳಿಯ ಹತ್ತಿರ ಸೌಪರ್ಣಿಕಾ ಮತ್ತೆ ಉಳಿದ ಹೊಳೆಗಳ ಜೊತೆ ಸೇರಿ ಪಂಚಗಂಗಾವಳಿಯಾಗಿ ಕಡಲಿಗೆ ಹೋಗುತ್ತದೆ. ನಮ್ಮ ರೈಲಿನ ಹೆಸರು ಅಲ್ಲಿಂದ ಬಂದದ್ದು.

ಹೇಳಲೇಬೇಕಿತ್ತು, ಹೇಳಿದೆ. “ಮಾವ, ಆವತ್ತು ತಪ್ಪು ನಂದು. ವಾಚಲ್ಲಿ ಸರಿ ಇದೆ ಅಂತ ಬಂತು ಅಂತ ನಾನು ನಿಮ್ಮನ್ನ ಮನೆಯಲ್ಲೇ ಉಳಿಸಿದೆ.”

“ಅದ್ ಸುಳ್ ಹೇಳಿತ್ತಾ ಹಂಗಾರೆ?”

“ಇಲ್ಲ. ಅದು ಲಯ ಮಾತ್ರ ನೋಡೋದು. ನಾನು ಬೇರೆ ಏನೋ ಅಂದುಕೊಂಡೆ.”

ಅವರು ಸ್ವಲ್ಪ ಹೊತ್ತು ಹೊಳೆ ನೋಡಿದರು. ಆಮೇಲೆ ಮಾತಾಡಿದ್ದು ನೀರಿನ ಬಗ್ಗೆ. ಬೇಸಿಗೆಯಲ್ಲಿ ಘಟ್ಟದ ನೀರು ಕಡಿಮೆಯಾದಾಗ, ಉಬ್ಬರದ ಜೊತೆ ಕಡಲಿನ ಉಪ್ಪು ನೀರು ಹೊಳೆಯಲ್ಲಿ ಮೇಲೇರಿ ಬರುತ್ತದೆ. ಅದನ್ನು ತಡೆಯಲಿಕ್ಕೆ ಕರಾವಳಿಯ ಹೊಳೆಗಳಲ್ಲಿ ಕಿಂಡಿ ಅಣೆಕಟ್ಟು ಕಟ್ಟಿ, ಮಳೆಗಾಲ ಮುಗಿದ ಮೇಲೆ ಹಲಗೆ ಹಾಕ್ತಾರೆ. ಹಲಗೆ ಹಾಕಿದ ಮೇಲೂ ಮಾವನ ಅಪ್ಪ, ಅಂದರೆ ನಮ್ಮ ಅಜ್ಜಯ್ಯ, ಗದ್ದೆಗೆ ನೀರು ಬಿಡುವ ಮೊದಲು ಒಂದು ಬೊಗಸೆ ಬಾಯಿಗೆ ಹಾಕಿ ನೋಡ್ತಿದ್ದರಂತೆ. “ಹಲಗೆ ಇತ್ತ್ ಅಂತ ಬಿಟ್ರೆ ಆತ್ತಾ? ನೀರ್ ಬಾಯಿಗ್ ಹಾಕಿ ಕಾಣ್ಕ್.”

ನನ್ನನ್ನು ಬೈದದ್ದೋ, ಸಮಾಧಾನ ಮಾಡಿದ್ದೋ ಇವತ್ತಿಗೂ ಗೊತ್ತಿಲ್ಲ.

ಬರುವ ಮೊದಲು ಮೂರು ಕೆಲಸ ಮಾಡಿದೆ. ಮಾವನ ಮಾತ್ರೆಗಳ, ತಲೆಗೆ ಬಿದ್ದ ಪೆಟ್ಟಿನ, ಸ್ಟೆಂಟಿನ ವಿವರವನ್ನೆಲ್ಲ ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿದೆ. ಅತ್ತೆಯ ಫೋನಿನಲ್ಲಿ 108 ಮತ್ತು ಪಕ್ಕದ ಮನೆಯವರ ನಂಬರು ಮೊದಲು ಬರೋ ಹಾಗೆ ಇಟ್ಟೆ. ನನ್ನದು ಮೂರನೆಯದು. ಮತ್ತೆ ಅತ್ತೆಗೆ ಹೇಳಿದೆ: ಎದೆ ಹಿಡಿದುಕೊಂಡರೆ, ತಣ್ಣನೆ ಬೆವರು ಬಂದರೆ, ಎಡಗೈಗೋ ದವಡೆಗೋ ನೋವು ಹರಿದರೆ ವಾಚು ನೋಡೋದು ಬೇಡ, ನನಗೆ ಫೋನ್ ಮಾಡೋದೂ ಬೇಡ, ಮೊದಲು ಹೊರಡಿ. ಆಸ್ಪತ್ರೆಯ ಮೊದಲ ಇಸಿಜಿಯಲ್ಲೂ ಕೆಲವೊಮ್ಮೆ ಏನೂ ಕಾಣೋದಿಲ್ಲ. ಅದಕ್ಕೇ ಅವರು ಮತ್ತೆ ಮತ್ತೆ ತೆಗೆಯೋದು, ರಕ್ತ ಪರೀಕ್ಷೆ ಮಾಡೋದು.

ವಾಚು ತೆಗೆದುಕೊಂಡು ಹೋಗಲಾ ಅಂತ ಕೇಳಿದೆ. ಮಾವ ಕೈ ಹಿಂದಕ್ಕೆ ಎಳಕೊಂಡರು.

“ಬೇಡ, ಇರ್ಲಿ. ಗಂಟಿ ಲಾಯ್ಕ್ ತೋರ್ಸತ್ತ್.”