ನಾನು ಕಲಿತ ಪಥ್ಯ

ನಾನು ಈ ಶಾಲೆಯ ಹಳೆಯ ವಿದ್ಯಾರ್ಥಿನಿ, ವೃತ್ತಿಯಿಂದ ಆಹಾರತಜ್ಞೆ. ನನ್ನ ಕೆಲಸವೇನೆಂದು ತಿಳಿದೊಡನೆ, “ಹಾಗಾದರೆ ಏನೇನು ತಿನ್ನಬಾರದು, ಹೇಳಿರಿ” ಎಂದು ಜನರು ಕೇಳುವುದುಂಟು. ಪಟ್ಟಿ ಬರೆದುಕೊಡುವುದೇ ನಮ್ಮ ಕಸುಬೆಂಬ ಭಾವನೆ ಅವರದು. ಒಂದು ಕಾಲದಲ್ಲಿ ನಾನೂ ಹಾಗೆಯೇ ಎಣಿಸಿದ್ದೆನು. ಆ ಎಣಿಕೆ ತಪ್ಪೆಂದು ನನಗೆ ಮನವರಿಕೆಯಾದ ಬಗೆಯನ್ನು ಇಲ್ಲಿ ಹೇಳುತ್ತೇನೆ.

ನಮ್ಮ ಮನೆತನ ಬೀದರದ ಕಡೆಯದು. 1956ರ ನವೆಂಬರ್ 1ರಂದು ಬೀದರ, ಗುಲಬರ್ಗಾ, ರಾಯಚೂರುಗಳ ಕನ್ನಡ ನಾಡು ಹೈದರಾಬಾದ್ ರಾಜ್ಯದಿಂದ ಬೇರ್ಪಟ್ಟು ಮೈಸೂರನ್ನು ಸೇರಿತು. ನಮ್ಮ ಅಜ್ಜ ಮಾತ್ರ ಈ ನಗರದಲ್ಲಿಯೇ ಉಳಿದರು. ಊರು ದೂರವಾದರೂ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾಹಿಂಡಿಗಳು ನಮ್ಮ ಮನೆಯನ್ನು ಬಿಡಲಿಲ್ಲ. ಶಾಲೆಯಲ್ಲಿ ಬುತ್ತಿ ಬಿಚ್ಚುವಾಗ ನಾನು ಆ ರೊಟ್ಟಿಯನ್ನು ಮುಚ್ಚಳದ ಮರೆಯಲ್ಲಿಟ್ಟು ತಿನ್ನುತ್ತಿದ್ದೆನು. ನೆರೆಯ ಹುಡುಗಿಯ ಬಿಳಿಯ ಬ್ರೆಡ್ಡು ನನ್ನ ಕಣ್ಣಿಗೆ ನಾಗರಿಕತೆಯ ಗುರುತಾಗಿತ್ತು.

ಮುಂದೆ ಪೋಷಣಶಾಸ್ತ್ರವನ್ನು ಓದುವಾಗ ನಮ್ಮ ತಾರ್ನಾಕದಲ್ಲಿರುವ ರಾಷ್ಟ್ರೀಯ ಪೋಷಣ ಸಂಸ್ಥೆಯ ಚರಿತ್ರೆಯನ್ನು ಅರಿತೆನು. 1918ರಲ್ಲಿ ಸರ್ ರಾಬರ್ಟ್ ಮೆಕ್ಯಾರಿಸನ್ ಅವರು ಬೆರಿಬೆರಿ ರೋಗದ ಶೋಧನೆಗಾಗಿ ಕೂನೂರಿನ ಒಂದೇ ಒಂದು ಕೊಠಡಿಯಲ್ಲಿ ತೊಡಗಿದ ಕಾರ್ಯವದು. 1958ರಲ್ಲಿ ಅದು ಹೈದರಾಬಾದಿಗೆ ಬಂದಿತು. 1969ರಲ್ಲಿ ಈಗಿನ ಹೆಸರನ್ನು ಪಡೆಯಿತು. ಬಿಸಿಲು ತಾಗಿದೆಡೆ ಚರ್ಮ ಕಪ್ಪಾಗಿ ಬಿರಿಯುವ ಪೆಲಾಗ್ರ ರೋಗವು ಜೋಳವನ್ನೇ ನಂಬಿದ ಬಡವರಲ್ಲಿ ಕಾಣಿಸುತ್ತಿದ್ದುದನ್ನು ಅಲ್ಲಿಯ ಡಾ. ಗೋಪಾಲನ್, ಡಾ. ಶ್ರೀಕಂಠಯ್ಯನವರು ಪರಿಶೀಲಿಸಿದರು, ಜೋಳದಲ್ಲಿ ಅಧಿಕವಾಗಿರುವ ಲ್ಯೂಸಿನ್ ಎಂಬ ಅಂಶವು ಅದಕ್ಕೆ ಕಾರಣವಾಗಿರಬಹುದೆಂದು 1960ರಲ್ಲಿ ಸೂಚಿಸಿದರು. ಇದನ್ನೋದಿ ನಾನು ಅಜ್ಜಿಯೆದುರು ರೊಟ್ಟಿಯ ಮೇಲೆ ದೂರು ಹೊರಿಸಿದೆನು. ಅಜ್ಜಿ ನಕ್ಕು, “ಬರೀ ರೊಟ್ಟಿ ಯಾರು ಉಣ್ಣುತಾರ ಮಗಾ?” ಎಂದರು. ಆ ಪ್ರಶ್ನೆಗೆ ಉತ್ತರ ನನಗೆ ಆಗ ಹೊಳೆಯಲಿಲ್ಲ.

ಉತ್ತರವು ನನ್ನ ಮೊದಲ ಕೆಲಸದ ದಿನಗಳಲ್ಲಿ ದೊರೆಯಿತು. ಕಲಬುರಗಿಯ ಕಡೆಯಿಂದ ಕಟ್ಟಡದ ಕೂಲಿಗೆ ಬಂದಿದ್ದ ಒಬ್ಬ ತಾಯಿ ತನ್ನ ನಾಲ್ಕು ವರ್ಷದ ಮಗನನ್ನು ನಾನಿದ್ದ ಆಸ್ಪತ್ರೆಗೆ ಕರೆತಂದಿದ್ದಳು. ಮಗು ಬಡಕಲು. ನಾನು ಹಾಲು, ಮೊಟ್ಟೆ, ಸೇಬು ಎಂದು ದುಂಡಗೆ ಬರೆದು, ಕನ್ನಡದಲ್ಲಿಯೇ ಓದಿ ಹೇಳಿ, ಕರ್ತವ್ಯ ಮುಗಿಯಿತೆಂದು ಬೀಗಿದೆನು. ತಿಂಗಳ ಬಳಿಕ ಅವರು ಮರಳಿ ಬಂದಾಗ ಮಗುವಿನ ತೂಕ ಒಂದಿಷ್ಟು ಏರಿತ್ತು. ಆದರೆ ತಾಯಿ ಬೆಂಚಿನ ಮೇಲೆಯೇ ತಲೆಸುತ್ತಿ ಕುಸಿದಳು. ವಿಚಾರಿಸಿದಾಗ, ಸೇಬಿನ ಹಣಕ್ಕಾಗಿ ತನ್ನ ಮಧ್ಯಾಹ್ನದ ಊಟವನ್ನು ಬಿಟ್ಟಿದ್ದಳೆಂದು ತಿಳಿಯಿತು. “ನೀವೇ ಬರದಿದ್ರಲ್ಲವ್ವಾ” ಎಂದಳು. ಆ ಮಾತಿನಲ್ಲಿ ದೂರಿರಲಿಲ್ಲ. ಅದರಿಂದಲೇ ನನಗೆ ಹೆಚ್ಚು ನೋವಾಯಿತು.

ಅಂದು ನಾನು ಮೇಜನ್ನು ಬಿಟ್ಟು ಅವಳ ಪಕ್ಕದಲ್ಲಿ ಕುಳಿತು, ಮೊದಲೇ ಕೇಳಬೇಕಾಗಿದ್ದುದನ್ನು ಕೇಳಿದೆನು. ಒಲೆಯ ಮೇಲೆ ಏನೇನು ಬೇಯುತ್ತದೆ? ರೊಟ್ಟಿಯ ಸಂಗಡ ಏನಿರುತ್ತದೆ? ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು? ರೊಟ್ಟಿ, ಖಾರ, ಮೇಲೊಂದು ಚಹಾ. ಕೊನೆಗೆ ಉಣ್ಣುವವಳು ಅವಳೇ. ಬರೀ ರೊಟ್ಟಿ ಉಣ್ಣುವವರು ಯಾರೆಂಬುದು ಈಗ ತಿಳಿಯಿತು.

ಸೇಬನ್ನು ಹೊಡೆದುಹಾಕಿದೆನು. ನೂರು ಗ್ರಾಂ ಸೇಬಿನಲ್ಲಿ ಅರ್ಧ ಗ್ರಾಂ ಪ್ರೋಟೀನು ಕೂಡ ಇಲ್ಲ. ಅಷ್ಟೇ ಶೇಂಗಾದಲ್ಲಿ ಸುಮಾರು 24 ಗ್ರಾಂ ಇದೆ. ಮೊಟ್ಟೆಯೊಂದರಲ್ಲಿ ಸುಮಾರು 6 ಗ್ರಾಂ. ರೊಟ್ಟಿಗೆ ಕುಟ್ಟಿದ ಶೇಂಗಾ, ಬೇಳೆ, ಸೊಪ್ಪು, ಅನುಕೂಲವಾದಂದು ಮೊಟ್ಟೆ. ಊಟಕ್ಕೆ ನಿಂಬೆಯ ಹುಳಿ ಸೇರಿದರೆ ಸೊಪ್ಪುಬೇಳೆಗಳ ಕಬ್ಬಿಣಾಂಶವು ದೇಹಕ್ಕೆ ಹೆಚ್ಚು ದಕ್ಕುತ್ತದೆ. ಊಟದೊಡನೆ ಕುಡಿದ ಚಹಾ ಅದನ್ನು ತಡೆಯುತ್ತದೆ. ಆದುದರಿಂದ ಚಹಾ ಒಂದು ತಾಸು ತಡವಾಗಲಿ ಎಂದೆನು. ಮಗುವಿಗೆ ಅಂಗನವಾಡಿಯ ದಾರಿಯನ್ನು ತೋರಿಸಿದೆನು. ತಾಯಿಯ ರಕ್ತಹೀನತೆಗೆ ವೈದ್ಯರು ಮಾತ್ರೆ ಕೊಟ್ಟರು. ಈ ಸಲದ ಪಥ್ಯವನ್ನು ನಾವಿಬ್ಬರೂ ಕೂಡಿ ಮಾಡಿದೆವು. ಅದರಲ್ಲಿ ಅವಳ ಹೆಸರೂ ಇತ್ತು.

ಅಂದಿನಿಂದ ನನ್ನ ಪದ್ಧತಿ ಇದೇ: ಮೊದಲು ಕೇಳುವುದು, ಆಮೇಲೆ ಹೇಳುವುದು. ಸಿರಿವಂತರು ಬಂದರೂ ಇದೇ ಕ್ರಮ. ಆಹಾರದ ಕೋಷ್ಟಕವು ಎಲ್ಲರಿಗೂ ಒಂದೇ. ತಟ್ಟೆ ಮಾತ್ರ ಒಬ್ಬೊಬ್ಬರದು ಒಂದೊಂದು.

ಕಿರಿಯ ಮಿತ್ರರೆ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿ ರಕ್ತಹೀನರು. ಅವರು ಎಲ್ಲಿಯೋ ಇರುವವರಲ್ಲ. ಇಂದು ರಾತ್ರಿ ನೀವು ಉಂಡೆದ್ದ ಮೇಲೆ ಅಡಿಗೆಮನೆಯತ್ತ ಒಮ್ಮೆ ನೋಡಿರಿ: ಕೊನೆಗೆ ಉಣ್ಣುವವರ ಪಾಲಿಗೆ ಪಾತ್ರೆಯಲ್ಲಿ ಏನು ಉಳಿದಿದೆ? ನಾಳೆ ನಿಮ್ಮ ಬುತ್ತಿಯಲ್ಲಿ ರೊಟ್ಟಿಯಿದ್ದರೆ, ನನ್ನಂತೆ ಅದನ್ನು ಮುಚ್ಚಳದಿಂದ ಮರೆಮಾಡಬೇಡಿರಿ.