ಹದಿನೈದು ದಿನದ ಲೆಕ್ಕ

ಮೊನ್ನೆ ಪೋಷಕರ ಸಭೆ ಮುಗಿದು ಎಲ್ಲರೂ ಹೊರಟುಹೋದರೂ ಒಬ್ಬ ತಾಯಿ ಮಾತ್ರ ಬಾಗಿಲ ಬಳಿಯೇ ನಿಂತಿದ್ದರು. ಎಂಟನೆಯ ತರಗತಿಯ ಹುಡುಗಿಯ ತಾಯಿ. ಪೀಣ್ಯದ ಒಂದು ಗಾರ್ಮೆಂಟ್ಸಿನಲ್ಲಿ ಹನ್ನೊಂದು ವರ್ಷ ಕಾಲರ್ ಹೊಲಿದವರು. “ಮಿಸ್, ನಮ್ಮ ಯೂನಿಟ್ ಮುಚ್ಚಿಬಿಟ್ರು. ಫೀಸು ಎರಡು ಕಂತಲ್ಲಿ ಕಟ್ಟಬಹುದಾ?” ಎಂದರು. ಆಮೇಲೆ ತಮಗೆ ತಾವೇ ಹೇಳಿಕೊಂಡಂತೆ, “ಮೂವತ್ತೇಳು ಆಯ್ತು. ಈ ವಯಸ್ಸಲ್ಲಿ ಇನ್ನೇನು ಕಲಿಯೋಕಾಗುತ್ತೆ?” ಎಂದರು.

“ಕೂತ್ಕೊಳ್ಳಿ ಅಮ್ಮಾ” ಎಂದೆ. ಇಷ್ಟು ವರ್ಷ ಸ್ಟಾಫ್ ರೂಮಿನಲ್ಲಿ ಯಾರಿಗೂ ಹೇಳದಿದ್ದ ಮಾತೊಂದು ನಾಲಿಗೆಯ ತುದಿಗೆ ಬಂತು.

ನಾನೂ ಪೀಣ್ಯದ ಕೆಲಸಗಾರಳೇ. ಮೇಡಂ ಆಗುವ ಮೊದಲು 13 ವರ್ಷ ಒಂದು ಸಣ್ಣ ಕಾರ್ಖಾನೆಯಲ್ಲಿ ಕಾಯಿಲ್ ಸುತ್ತಿದವಳು. ಪಿ.ಯು.ಸಿ. ಮುಗಿಸಿ 1988ರಲ್ಲಿ ಸೇರಿದೆ. ಕೂದಲೆಳೆಯಂಥ ತಾಮ್ರದ ತಂತಿಯನ್ನು ಬಾಬಿನ್ನಿಗೆ ಸುತ್ತಬೇಕು. ಒಂದು ಸುತ್ತು ಹೆಚ್ಚಾಗಬಾರದು, ಒಂದು ಕಡಿಮೆಯಾಗಬಾರದು. ತಂತಿಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಎನಾಮಲ್ ಬಳಿದಿರುತ್ತಾರೆ. ತುದಿಯಲ್ಲಿ ಅದನ್ನು ಕೆರೆಯದೆ ಬೆಸುಗೆ ಹಾಕಿದರೆ ಕರೆಂಟು ಹರಿಯುವುದಿಲ್ಲ. ಮನೆಗೆ ಬಂದ ಮೇಲೆ ರಾತ್ರಿ ಓದಿ, ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ಶಿಕ್ಷಣದಲ್ಲಿ ಬಿ.ಎ. ಮಾಡಿಕೊಂಡೆ. ಯಾವ ಉದ್ದೇಶವೂ ಇರಲಿಲ್ಲ. ಓದುವ ಚಪಲ, ಅಷ್ಟೆ.

ಆಗ ನಮಗೆಲ್ಲ ಜಾಲಹಳ್ಳಿಯ ಎಚ್.ಎಂ.ಟಿ.ಯ ಹೆಂಗಸರನ್ನು ಕಂಡರೆ ಹೊಟ್ಟೆಕಿಚ್ಚು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಅಲ್ಲಿ ಕೈಗಡಿಯಾರ ತಯಾರಿಕೆ ಆರಂಭವಾಗಿತ್ತು. ಅಂಥ ಕೆಲಸ ಸಿಕ್ಕರೆ ಜನ್ಮ ಸಾರ್ಥಕ ಎನ್ನುತ್ತಿದ್ದೆವು. ಆ ಗಡಿಯಾರ ಕಂಪನಿಯನ್ನೂ ಮುಚ್ಚುವ ತೀರ್ಮಾನ 2016ರಲ್ಲಿ ಆಯಿತು. ನಮ್ಮ ಪುಟ್ಟ ಕಾರ್ಖಾನೆಯಂತೂ ಅಷ್ಟು ದಿನವೂ ಬಾಳಲಿಲ್ಲ.

2001ರಲ್ಲಿ ಆರ್ಡರುಗಳು ಕಡಿಮೆಯಾದವು. ಒಂದು ಬೆಳಿಗ್ಗೆ ಬೋರ್ಡಿನ ಮೇಲೆ ನೋಟೀಸು. ನೀವಾಗಿಯೇ ಬರೆದುಕೊಟ್ಟರೆ ಸ್ವಲ್ಪ ಹೆಚ್ಚು. ಇಲ್ಲವಾದರೆ ಕಾನೂನಿನ ಲೆಕ್ಕ, ವರ್ಷಕ್ಕೆ 15 ದಿನದ ಸಂಬಳ. ನಾವಾಗಿಯೇ ಬರೆದುಕೊಟ್ಟೆವು. ಮಕ್ಕಳಿಗೆ ‘ಸ್ವಯಂ’ ಎಂಬ ಪದದ ಅರ್ಥ ಹೇಳಿಕೊಡುವಾಗ ಈಗಲೂ ಗಂಟಲಲ್ಲಿ ಏನೋ ಸಿಕ್ಕಿಕೊಂಡಂತಾಗುತ್ತದೆ.

ಮನೆಯಲ್ಲಿ ಕೂತ ಎರಡನೆಯ ತಿಂಗಳು ನಮ್ಮ ಅತ್ತೆ, “ಕೂತು ತಿನ್ನುವವನಿಗೆ ಕುಡಿಕೆ ಹೊನ್ನು ಸಾಲದು” ಎಂದರು. ಚುಚ್ಚಿದರೆಂದು ಕಣ್ಣಲ್ಲಿ ನೀರು ಬಂತು. ಅವರು ಮುಂದುವರಿಸಿದರು: “ಆ ನಿನ್ನ ಬಿ.ಎ. ಕಾಗದ ಟ್ರಂಕಿನಲ್ಲಿ ಕೊಳೀತಿದೆಯಲ್ಲ, ಅದಕ್ಕೇನಾದರೂ ದಾರಿ ನೋಡು. ಮಗೂನ ನಾನು ನೋಡ್ಕೋತೀನಿ.”

ಹಾಗೆ ಮೂವತ್ತನಾಲ್ಕನೆಯ ವಯಸ್ಸಿನಲ್ಲಿ, 2002ರಲ್ಲಿ, ಬಿ.ಎಡ್. ಸೇರಿದೆ. ಪಕ್ಕದಲ್ಲಿ ಇಪ್ಪತ್ತೆರಡರ ಹುಡುಗಿಯರು. ಮೊದಲ ದಿನ ನನ್ನನ್ನೇ ಲೆಕ್ಚರರ್ ಎಂದುಕೊಂಡು ಎದ್ದು ನಿಂತರು! ಮೈಕ್ರೋ ಟೀಚಿಂಗ್ ಎಂದು ಐದೈದು ನಿಮಿಷದ ಪಾಠ ಮಾಡಿಸುತ್ತಿದ್ದರು. ನನ್ನ ಮೊದಲ ಪಾಠ ನೋಡಿದ ಹುಡುಗಿ ತನ್ನ ಹಾಳೆಯಲ್ಲಿ, ‘ಧ್ವನಿ ಬಹಳ ಜೋರು’ ಎಂದು ಬರೆದಳು. ಮೆಷಿನ್ನುಗಳ ಸದ್ದಿನಲ್ಲಿ 13 ವರ್ಷ ಕೂಗಿ ಮಾತಾಡಿದ ಗಂಟಲು ಅದು. ಬಸ್‌ಸ್ಟಾಪಿನಲ್ಲಿ ನಿಂತು ಅತ್ತೆ. ಬಿಟ್ಟುಬಿಡೋಣ ಎನಿಸಿತ್ತು.

ಉಳಿಸಿದ್ದು ಕೈ. ಪಾಠೋಪಕರಣ ಮಾಡಿ ತನ್ನಿ ಎಂದಾಗ ನಾನೊಂದು ಹಲಗೆ ತಯಾರಿಸಿದೆ. ಎಡಗಡೆ ನದಿಗಳು, ಬಲಗಡೆ ಅವು ಹುಟ್ಟುವ ಸ್ಥಳಗಳು. ಕಾವೇರಿಗೂ ತಲಕಾವೇರಿಗೂ ತಂತಿ ಮುಟ್ಟಿಸಿದರೆ ಪುಟ್ಟ ಬಲ್ಬು ಹತ್ತಬೇಕು. ಹತ್ತಿತು, ತುದಿಯ ಎನಾಮಲ್ ಕೆರೆಯಲು ನಾನು ಮರೆತಿರಲಿಲ್ಲ. ಅಭ್ಯಾಸ ಪಾಠದ ಶಾಲೆಯಲ್ಲಿ ಮಕ್ಕಳು ಮೇಜಿನ ಸುತ್ತ ಮುಗಿಬಿದ್ದರು. ಕಲಿತದ್ದು ಯಾವುದೂ ಹಿಂದೆಯೇ ಉಳಿಯುವುದಿಲ್ಲ ಎಂದು ಅಂದು ಗೊತ್ತಾಯಿತು.

ಇದೆಲ್ಲ ಹೆಮ್ಮೆಯ ಕಥೆಯೇ. ಹಾಗಿದ್ದರೆ ಮುಚ್ಚಿಟ್ಟಿದ್ದೇಕೆ ಎಂದು ನೀವು ಕೇಳಬಹುದು.

ನನ್ನ ಪಕ್ಕದ ಮೆಷಿನ್ನಿನಲ್ಲಿ ಒಬ್ಬ ಗೆಳತಿಯಿದ್ದಳು. ನಮ್ಮ ಲೈನಿನಲ್ಲೇ ಅವಳಷ್ಟು ಚುರುಕು ಕೈ ಇನ್ನೊಬ್ಬರದಿರಲಿಲ್ಲ. ಓದಿದ್ದು ಏಳನೆಯ ತರಗತಿ. ಬಂದ ಹಣ ತಂಗಿಯ ಮದುವೆಗೆ ಹೋಯಿತು. ಪೀಣ್ಯಕ್ಕೆ ಮೆಟ್ರೋ ಬಂದ 2014ರಲ್ಲಿ ನಿಲ್ದಾಣದ ಮೆಟ್ಟಿಲ ಬಳಿ ಸಿಕ್ಕಿದಳು. ಯಾವುದೋ ಆಫೀಸಿನ ಹೌಸ್‌ಕೀಪಿಂಗ್ ಯೂನಿಫಾರ್ಮು, ಫಿನಾಯಿಲಿಗೆ ಸುಲಿದ ಬೆರಳುಗಳು. “ಮಿಸ್ ಆದ್ಯಂತೆ ಕಣೇ!” ಎಂದು ನನ್ನ ಕೈ ಹಿಡಿದು ನಕ್ಕಳು. ಅವಳ ನಗುವಿನಲ್ಲಿ ಅಸೂಯೆಯಿರಲಿಲ್ಲ. ಅದಕ್ಕೇ ನನಗೆ ತಲೆ ಎತ್ತಲಾಗಲಿಲ್ಲ. ನನ್ನದು ಧೈರ್ಯ ಎಂದು ಹೇಳಿಕೊಂಡರೆ ಅವಳಿಗೆ ಧೈರ್ಯವಿರಲಿಲ್ಲ ಎಂದಂತಾಗುವುದಿಲ್ಲವೆ? ನನಗಿದ್ದದ್ದು ಟ್ರಂಕಿನೊಳಗಿನ ಒಂದು ಕಾಗದ, ಮಗುವನ್ನು ನೋಡಿಕೊಳ್ಳುವ ಅತ್ತೆ, ಒಂದು ವರ್ಷದ ಬಿಡುವು. ಅವಳಿಗೆ ಇದ್ಯಾವುದೂ ಇರಲಿಲ್ಲ.

2020ರ ಔದ್ಯೋಗಿಕ ಸಂಬಂಧಗಳ ಸಂಹಿತೆಯಲ್ಲಿ, ಕೆಲಸದಿಂದ ತೆಗೆದವರ ಮರುತರಬೇತಿಗೆಂದು ಒಂದು ನಿಧಿಯ ಮಾತಿದೆ. ಮಾಲೀಕರು ಅದಕ್ಕೆ ತಲೆಗೆ 15 ದಿನದ ಸಂಬಳ ಕಟ್ಟಬೇಕು, ಅದು 45 ದಿನದೊಳಗೆ ಕೆಲಸಗಾರರ ಖಾತೆಗೆ ಸೇರಬೇಕು. ಓದಿ ಸಂತೋಷಪಟ್ಟೆ, ಆಮೇಲೆ ಲೆಕ್ಕ ಹಾಕಿದೆ. ನನಗೆ ಬಿ.ಎಡ್.ಗೆ ಒಂದು ವರ್ಷ ಬೇಕಾಯಿತು. 2015ರಿಂದ ಅದು ಎರಡು ವರ್ಷ. ಹದಿನೈದು ದಿನದಲ್ಲಿ ಏನನ್ನು ಕಲಿಯುವುದು? ಅಷ್ಟರಲ್ಲಿ ಮನೆಯ ಅಕ್ಕಿಯೇ ಮುಗಿದಿರುತ್ತದೆ.

ಇಷ್ಟನ್ನೂ ಆ ತಾಯಿಗೆ ಹೇಳಿದೆ, ಗೆಳತಿಯ ವಿಷಯವನ್ನೂ ಬಿಡದೆ. “ಎಲ್ಲಿವರೆಗೆ ಓದಿದ್ದೀರಿ?” ಎಂದು ಕೇಳಿದೆ. “ಎಸ್.ಎಸ್.ಎಲ್.ಸಿ. ಮಿಸ್. ಸಮಾಜದಲ್ಲಿ ಹೋಯ್ತು” ಎಂದು ತಲೆ ತಗ್ಗಿಸಿದರು. ನನಗೆ ನಗು ಬಂತು. ನಾನು ಕಲಿಸುವುದೇ ಸಮಾಜ! ಮತ್ತೆ ಪರೀಕ್ಷೆಗೆ ಕಟ್ಟಿಸುವ ದಾರಿ ವಿಚಾರಿಸೋಣ ಎಂದೆ. ನೆಲಮಂಗಲದ ಬಳಿ ಅರಿಶಿನಕುಂಟೆಯಲ್ಲಿ ರುಡ್‌ಸೆಟ್ ಸಂಸ್ಥೆಯವರು ಸ್ವಂತ ಉದ್ಯೋಗಕ್ಕೆ ಉಚಿತ ತರಬೇತಿ ಕೊಡುತ್ತಾರೆ, ಅಲ್ಲೂ ಕೇಳಿ ನೋಡಿ ಎಂದು ವಿಳಾಸ ಬರೆದುಕೊಟ್ಟೆ. ಫೀಸಿನ ಕಂತಿಗೆ ಹೆಡ್‌ಮಿಸ್ ಒಪ್ಪಿದರು.

ಸೋಮವಾರ ಸಂಜೆ ಶಾಲೆ ಬಿಟ್ಟ ಮೇಲೆ ಮಗಳ ಜೊತೆ ಬಂದರು. ಹಿಂದಿನ ಬೆಂಚಿಗೆ ಹೋಗುತ್ತಿದ್ದವರನ್ನು ಮುಂದೆ ಕೂರಿಸಿದೆ. ಹೊಸ ನೋಟ್‌ಪುಸ್ತಕದ ಹಾಳೆಯನ್ನು, ಮೆಷಿನ್ನಿಗೆ ಕೊಡುವ ಮೊದಲು ಬಟ್ಟೆಯನ್ನು ಸರಿಪಡಿಸುವಂತೆ ಬೆರಳಿನಿಂದ ನೇವರಿಸಿ, ಅಳತೆ ತಪ್ಪದಂತೆ ಮಾರ್ಜಿನ್ ಗೆರೆ ಎಳೆದರು.

ಮಗಳ ಪುಸ್ತಕದಲ್ಲಿ ಅಷ್ಟು ನೇರವಾದ ಗೆರೆಯನ್ನು ನಾನು ಒಂದು ದಿನವೂ ಕಂಡಿಲ್ಲ.